ತಂಪು ಗೋಡೆ

ಏನ್ರಿ,

ಪಾಳಿ ಮುಗಿಸಿ ಬಂದವರು ಬಿದ್ದ ಗೋಡೆ ನೋಡಿ ಗಾಬರಿ ಆಗಬ್ಯಾಡ್ರಿ. ಮಕ್ಕಳು ಪಕ್ಕದ ಬೀಬಿಜಾನ್ ಮನ್ಯಾಗೆ ಅದಾರೆ. ಗೋಡೆ ನಿದ್ದೆಯಾಗಿದ್ದ ಅತ್ತೆಯವರ ಕಾಲಿನ ಮೇಲೆ ಬಿತ್ತು. ಕಾಲು ಉಳಿಯೋದು ಕಷ್ಟ ಅಂತ ಇಲ್ಲಿನ ಡಾಕ್ಟ್ರು ಅಂದ್ರು. ದಾವಣಗೆರೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೊಂಟೀನಿ. ಆಪರೇಷನ್‌ಗೆ ನಿಮ್ಮ ಸಹಿ ಬೇಕಂತೆ, ತಡ ಮಾಡಬ್ಯಾಡ್ರಿ.

ಉಳಿದ ಗೋಡೆಗಳ ಹತ್ರ ಹೋಗಬ್ಯಾಡ್ರಿ. ಸಿಮೆಂಟ್ ಗಿಲಾವಿನ ಹಿಂದೆ ಮಣ್ಣು ಇನ್ನೂ ಕೆಸರಿನಂಗೆ ಐತೆ. ಸಿಮೆಂಟ್ ಕಾಣದಿದ್ರೆ ಮನೆಗೆ ಲೈಸೆನ್ಸ್ ಇಲ್ಲ ಅಂತ ನಗರಸಭೆ ಇಂಜಿನಿಯರ್ ಅಂದಿದ್ದೇ ತಡ, ಮಣ್ಣಿನ ಗೋಡೆ ಒಣಗೋ ಮೊದಲೇ ಗಿಲಾವು ಮೆತ್ತಿಸಿದ್ರಿ. ಇವತ್ತು ಅವರು ನೋಡಾಕ ಬರ್ತಾರಲ್ಲ, ಚೆನ್ನಾಗಿ ತೋರಿಸ್ರಿ.

ನಿಮ್ಮೊಬ್ಬರನ್ನೇ ಅಂದು ಏನು ಬಂತು? ಮಣ್ಣಿನ ಮನೆ, ಬೇಸಿಗೆಯಾಗೂ ಎಷ್ಟು ತಂಪು ಅಂತ ನಾನೂ ಓಣಿ ತುಂಬ ಹೇಳ್ಕೊಂಡು ಬಂದೆ. ಅದು ಗೋಡೆ ಒಳಗಿನ ಹಸಿ ಅಂತ ನಮಗ್ಯಾರಿಗೂ ಹೊಳೀಲಿಲ್ಲ. ಆ ತಂಪಿಗೇ ಅತ್ತೆಯವರು ಆ ಗೋಡೆ ಪಕ್ಕದಾಗೆ ಮಲಗ್ತಿದ್ರು.

ಅನ್ನ ಬೀಬಿಜಾನ್ ಮನ್ಯಾಗೆ ಮುಚ್ಚಿಟ್ಟೀನಿ, ಉಂಡು ಬರ್ರಿ. ಅಲ್ಲೇ ಇರೋ ಅತ್ತೆಯವರ ಕಂಬಳಿ ತರ್ರಿ, ಚಾಪೆ ಬ್ಯಾಡ, ಅದು ಬಿದ್ದ ಗೋಡೆ ಕೆಳಗೈತೆ.

ಅವರ ಮುಂದೆ ಗೋಡೆ ಸುದ್ದಿ ಎತ್ತಬ್ಯಾಡ್ರಿ. ತಮ್ಮ ಮೇಲೆ ಬಿದ್ದಿದ್ದು ಏನು ಅಂತ ಅವರಿಗಿನ್ನೂ ಗೊತ್ತಿಲ್ಲ. ಈಗಲೂ ಹೊರಗೆ ಆಟೋದಾಗೆ ಮಲಗಿ, "ಮೈ ಉರೀತೈತವ್ವ, ನನ್ನ ಆ ಗೋಡೆ ಹತ್ರಾನೇ ಮಲಗಿಸು" ಅಂತಾರೆ.

ಸುಮಂಗಲಾ