ಸಡಿಲವಾಗದ ಕಾಲರ್

ಎದುರಂಗಡಿಯ ಗೆಳತಿಗೆ,

ಮುಖ ನೋಡಿ ಹೇಳಲು ಬಾಯಿ ಬರುತ್ತಿಲ್ಲ. ಟೀ ಅಂಗಡಿ ಅಜ್ಜನ ಕೈಯಲ್ಲಿ ಈ ಚೀಟಿ ಕಳಿಸುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಅವಸರದಲ್ಲಿ ಬರೆಯುತ್ತಿದ್ದೇನೆ.

ನೀನು ದ್ವೇಷವಿಟ್ಟು ಹೊಲಿದ ಬಟ್ಟೆ ತೊಟ್ಟವರ ಉಸಿರು ಅದೇ ದಿನ ಕತ್ತಲಾಗುವುದರೊಳಗೆ ನಿಲ್ಲುತ್ತದೆ. ಆ ಹೊಲಿಗೆಯನ್ನು ನಾನು ಬಿಚ್ಚಿದರೆ ಮಾತ್ರ ಬದುಕುತ್ತಾರೆ. ಒಟ್ಟಿಗೆ ಟೈಲರಿಂಗ್ ಕಲಿತ ನಮ್ಮಿಬ್ಬರಿಗೇ ಈ ಶಕ್ತಿ ಯಾಕೆ ಅಂಟಿಕೊಂಡಿತೋ! "ಪಾಪಿಗಳಿಗೆ ತಾನೇ ಹೊಲಿಯೋದು" ಅನ್ನುತ್ತೀ ನೀನು. "ತೀರ್ಪು ಕೊಡೋಕೆ ನಾವ್ಯಾರೇ?" ಎಂದು ಜಗಳವಾಡುತ್ತಾ ನಾನು ಬಿಚ್ಚುತ್ತಲೇ ಬಂದೆ.

ಇವತ್ತು ನಮ್ಮ ಭಾವ ನೀನು ಹೊಲಿದ ನೀಲಿ ಅಂಗಿ ತೊಟ್ಟುಕೊಂಡೇ ಬಂದಿದ್ದರು. "ಕಾಲರ್ ಯಾಕೋ ಹಿಡೀತಿದೆ, ಸ್ವಲ್ಪ ಬಿಚ್ಚಿ ಸಡಿಲ ಮಾಡಿಕೊಡಮ್ಮ" ಅಂದರು. ಅವರು ಅಕ್ಕನ ಕೈ ಮುರಿದದ್ದನ್ನು ನಿನಗೆ ಹೇಳಿದವಳು ನಾನೇ. ಅಕ್ಕನ ಕೈ ಮುರಿದ ಅದೇ ಕೈಗಳಿಂದ ಭಾವ ನನ್ನ ಬೆಂಚಿನ ಮೇಲೆ ಕೂತು, ಜೊತೆಗೆ ಬಂದಿದ್ದ ಮಗಳ ಕೆದರಿದ ಜಡೆಯನ್ನು ನೋಯದ ಹಾಗೆ ಹೆಣೆದರು.

"ನೀಲಿ ದಾರ ಮುಗಿದಿದೆ, ನಾಳೆ ಬನ್ನಿ ಭಾವ" ಅಂದೆ. ಮಗಳ ಕೈ ಹಿಡಿದುಕೊಂಡು ಹೋದರು.

ನೀಲಿ ದಾರದ ರೀಲು ಮಿಷನ್ನಿನ ಮೇಲೇ ಇತ್ತು.

ಕೂಗಿ ಕರೆಯಲು ನನಗೆ ಮನಸ್ಸಿಲ್ಲ. ನನಗೆ ಭಯವಾಗುತ್ತಿರುವುದು ಅದಕ್ಕೇ. ಇನ್ನೂ ಬೆಳಕಿದೆ. ನೀನಾದರೂ ಅವರನ್ನು ಹಿಡಿದು ತಂದು ನನ್ನ ಮುಂದೆ ಕೂರಿಸು, ಬಿಚ್ಚಿಯೇನು.

ನೀನೂ ಅವರನ್ನು ಕರೆತರುವುದಿಲ್ಲವಾದರೆ ಇದೊಂದು ಉಪಕಾರ ಮಾಡು. ಇನ್ನು ನಾನೂ ಪಾಪಿಯೇ, ನನ್ನ ಅಳತೆ ನಿನಗೆ ಬಾಯಿಪಾಠವಾಗಿದೆ. ದಯಮಾಡಿ ಮರೆತುಬಿಡು.

ನಿನ್ನೆಯವರೆಗೂ ನಿನ್ನ ಎದುರಾಳಿಯಾಗಿದ್ದವಳು