ಬಂಡೆಯ ತಿರುವಿನ ಮುಳ್ಳು

ಟೇಕಲ್
ಶುಕ್ರವಾರ

ಮುನಿಸಿಕೊಂಡು ಕೂತಿರುವ ನನ್ನ ಮೇಘನಳಿಗೆ,

ಅಮ್ಮನ ಆಶೀರ್ವಾದ. ಫೋನ್ ಎತ್ತದಿದ್ದರೆ ಅಮ್ಮ ಸುಮ್ಮನಾಗುತ್ತಾಳೆ ಅಂದುಕೊಂಡೆಯಾ? ಬೆಳಗಿನಿಂದ ಮಾಡಿ ಮಾಡಿ ಸಾಕಾಯಿತು. ಕೋಲಾರಕ್ಕೇ ಬಂದು ನಿನ್ನ ಕಿವಿ ಹಿಂಡೋಣವೆಂದರೆ ರೇಷ್ಮೆಹುಳು ಹಣ್ಣಾಗಿವೆ. ಚಂದ್ರಿಕೆಯ ಬಿದಿರು ತಟ್ಟಿಗೆ ಬಿಡದಿದ್ದರೆ ಗೂಡು ಕಟ್ಟಲು ಜಾಗವಿಲ್ಲದೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಅದಕ್ಕೇ ಈ ಕಾಗದ. ಟೊಮೆಟೊ ತುಂಬಿಕೊಂಡು ಮಾರ್ಕೆಟ್ಟಿಗೆ ಹೊರಟಿರುವ ವೆಂಕಟ್ ಕೈಯಲ್ಲಿ ಕಳಿಸುತ್ತೇನೆ.

ಮೊದಲು ಮುಖ್ಯವಾದದ್ದು. ಭಾನುವಾರ ಬೆಟ್ಟದಿಂದ ಸೈಕಲ್ಲಿನಲ್ಲಿ ಇಳಿಯಬೇಡಿ. ನೀನೂ ಬೇಡ, ನಿನ್ನ ಗುಂಪೂ ಬೇಡ. ಹಳೇ ದಾರಿ, ನಿಮ್ಮ ಹೊಸ ದಾರಿ ಕವಲೊಡೆಯುವ ಮುಂಚೆಯೇ, ದೊಡ್ಡ ಬಂಡೆ ಸುತ್ತಿ ಬರುವ ತಿರುವಿನಲ್ಲಿ ನಿನ್ನ ದೊಡ್ಡಪ್ಪ ನರಸಿಂಹಪ್ಪನವರು ಜಾಲಿಮುಳ್ಳು ಕಡಿದು ದಾರಿಗೆ ಅಡ್ಡ ಹಾಕಿದ್ದಾರೆ. ಮೇಲಿನಿಂದ ಬರುವವರಿಗೆ ಕಾಣುವುದಿಲ್ಲ. ನೀವು ಬರುವ ವೇಗದಲ್ಲಿ... ಬರೆಯಲು ಕೈ ಬರುತ್ತಿಲ್ಲ. ಎಷ್ಟು ಸಲ ಎದ್ದು ಹೋಗಿ ಹುಳು ನೋಡಿ ಬಂದೆನೋ, ಕೂತಲ್ಲಿ ಕೂರಲಾಗುತ್ತಿಲ್ಲ.

ಅವರ ಸಿಟ್ಟು ಸುಳ್ಳಲ್ಲ ಕಣೇ. ದನ ಹೋಗುವ ಹಳೇ ದಾರಿಯಲ್ಲಿ ಸುತ್ತಿ ಬಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಿಮಗೆ ಅದು ಸಪ್ಪೆ. ನೇರ ಇಳಿದರೆ ಮಜ ಅಂತ ಅವರ ತೋಟದ ಬದುವಿನ ಮೇಲೇ ಹೊಸ ದಾರಿ ಮಾಡಿಕೊಂಡಿರಿ. ನೀವು ಬ್ರೇಕ್ ಹಿಡಿದು ಚಕ್ರ ಜಾರಿಸಿದ್ದಕ್ಕೆ ಬದು ಕುಸಿಯಿತು, ಧೂಳೆಲ್ಲ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿತು. ಆ ಸೊಪ್ಪು ಹಾಕಿದ ಮೇಲೆ ಅವರ ಹುಳು ಮೇವು ಬಿಟ್ಟವು. ಅರ್ಧ ಬೆಳೆ ತಿಪ್ಪೆ ಸೇರಿತು. ಹೋದ ವಾರ ಇದನ್ನು ಹೇಳಿದರೆ "ಸೊಪ್ಪು ತೊಳೆದು ಹಾಕ್ಬಹುದಿತ್ತಲ್ಲಮ್ಮಾ" ಅಂದೆಯಲ್ಲ, ಹುಳುಮನೆಯ ಪಕ್ಕದಲ್ಲೇ ತೊಟ್ಟಿಲಾಡಿದವಳು! ಒದ್ದೆ ಸೊಪ್ಪು ತಿಂದ ಹುಳು ಉಳಿದದ್ದನ್ನು ಎಲ್ಲಿ ನೋಡಿದ್ದೀಯ? ನಾನು ನಕ್ಕಿದ್ದಕ್ಕೆ ಬೆಟ್ಟ ಯಾರಪ್ಪನ ಸ್ವತ್ತೂ ಅಲ್ಲ ಅಂತ ಬಾಗಿಲು ಬಡಿದು ಹೋದೆ. ಬೆಟ್ಟ ಅಲ್ಲ, ಸರಿ. ಬದು ಅವರದು.

ಮುಳ್ಳು ತೆಗೆಯಿರಿ ಭಾವ ಅಂತ ಬೇಡಿಕೊಂಡೆ. "ಬರ್ಲಿ ಬಿಡಮ್ಮ. ಯಾರೋ ಪ್ಯಾಟೆಯೋರು, ಒಂದ್ ದಪ ಬಿದ್ರೆ ಬುದ್ಧಿ ಬತ್ತದೆ" ಅಂದರು. ಹೆಲ್ಮೆಟ್ ಹಾಕಿಕೊಂಡು ಎಲ್ಲರಿಗಿಂತ ಮುಂದೆ ಇಳಿಯುವವಳು ತಾವೇ ಹೆಗಲ ಮೇಲೆ ಹೊತ್ತು ತಿರುಗಿದ ಮೇಘನ ಅಂತ ಅವರಿಗೆ ಗೊತ್ತಿಲ್ಲ. "ದೊಡ್ಡಪ್ಪನಿಗೆ ತಿಳಿದರೆ ನಾನು ಈ ಮನೆಗೇ ಕಾಲಿಡಲ್ಲ" ಅಂತ ಹೆದರಿಸಿ, ಬಾಯಿ ಬಿಡುವುದಿಲ್ಲ ಅಂತ ನೀನು ನನ್ನಿಂದ ಆಣೆ ಹಾಕಿಸಿಕೊಂಡಿದ್ದೀಯ. ಭಾನುವಾರ ಪರೀಕ್ಷೆಯ ಕ್ಲಾಸಿಗೆ ಹೋಗುತ್ತಾಳೆ ಅಂತ ನಾನೇ ಊರಿಗೆಲ್ಲ ಹೇಳಿದ್ದೇನೆ. ಅತ್ತ ದರಿ ಇತ್ತ ಪುಲಿ ಅನ್ನುವ ಹಾಗಾಗಿದೆ ನನ್ನ ಪಾಡು.

ಸೈಕಲ್ ಬಿಡು ಅನ್ನುವುದಿಲ್ಲ. ಬೆಟ್ಟ ಇಳಿದು ಬಂದಾಗ ನಿನ್ನ ಮುಖ ನೋಡಿದ್ದೇನೆ, ನನಗೂ ಆಸೆಯಾಗಿತ್ತು. ಈ ಮುಳ್ಳಿನ ಗಂಡಾಂತರ ಕಳೆದ ಮೇಲೆ ಹಳೇ ದಾರಿಯಲ್ಲೇ ಬನ್ನಿ. ತೋಟ ಬಂದಾಗ ಇಳಿದು ತಳ್ಳಿಕೊಂಡು ಹೋಗಿ. ಸೊಪ್ಪಿನ ಹೊರೆ ಹೊತ್ತವರು ಎದುರಾದರೆ ನಿಲ್ಲಿ. ಹೊರೆಯ ಕೆಳಗೆ ಅವರಿಗೆ ಏನೂ ಕಾಣುವುದಿಲ್ಲ, ನಿಮ್ಮ ಸೈಕಲ್ಲಿಗೋ ಸದ್ದೇ ಇಲ್ಲ. ಒಂದು ದಿನ ಗುದ್ದಲಿ ತಂದು ಆ ಬದು ಕಟ್ಟಿಕೊಡಿ.

ಹುಳುಮನೆಗೆ ಓಡಬೇಕು. ಕಾಗದ ಸಿಕ್ಕ ತಕ್ಷಣ ಫೋನ್ ಮಾಡು, ಬಯ್ಯುವುದಕ್ಕಾದರೂ ಸರಿ.

ನೀನು ಬಯ್ದರೂ ನಿನ್ನವಳೇ ಆದ,
ಅಮ್ಮ
ಶಾಮಲಮ್ಮ

ತಾ.ಕ.: ಆಣೆ ಮುರಿದೆ. ವೆಂಕಟ್‌ನನ್ನು ತಡೆದು ನಿಲ್ಲಿಸಿ ಭಾವನ ಮನೆಗೆ ಓಡಿ, ಮುಂದೆ ಬರುವವಳು ನಮ್ಮ ಮೇಘನ ಅಂದುಬಿಟ್ಟೆ. ಊಟಕ್ಕೆ ಕೂತಿದ್ದವರು ಕೈಯನ್ನೂ ತೊಳೆಯದೆ ಬೆಟ್ಟ ಹತ್ತಿದರು. ಮುಳ್ಳೆಲ್ಲ ಎಳೆದು ತಂದು ಬದುವಿನ ಉದ್ದಕ್ಕೂ ಬೇಲಿ ಹಾಕಿದ್ದಾರೆ. ಹಳೇ ದಾರಿ ತೆರೆದಿದೆ. ಅಂಗೈಯೆಲ್ಲ ರಕ್ತ. "ಬ್ಯಾರೇರ ಮಗು ಬಿದ್ದಿದ್ರೂ ಮಗೂನೇ ಅಲ್ವೇನಮ್ಮ" ಅಂತ ಜಗಲಿಯ ಮೇಲೆ ಕುಕ್ಕರಿಸಿ ಅತ್ತರು.

ಕಾಗದದ ಜೊತೆ ವೆಂಕಟ್ ಕೈಯಲ್ಲಿ ಒಂದು ಗಂಟು ಇದೆ. ಅವರೇ ಕಳಿಸಿದ್ದು, ತೀರಿಹೋದ ಕೆಂದೆತ್ತಿನ ಕೊರಳ ಗಂಟೆ. ಸೈಕಲ್ಲಿಗೆ ಕಟ್ಟಿಕೊಳ್ಳಬೇಕಂತೆ. ಭಾನುವಾರ ಬೆಳಿಗ್ಗೆ ಬದುವಿನ ಹತ್ತಿರ ಕೂತು, ಅದರ ಸದ್ದಿಗೆ ಕಾಯುತ್ತಾರಂತೆ.