ಕುಣಿಯುವವನು ಕುಣಿಯುತ್ತಿರಲಿಲ್ಲ

ಬೀದಿ ಕಡೆಯ ಕೋಣೆ, ಅಮ್ಮನ ಮೇಜು
ಬುಧವಾರ, ಹನ್ನೆರಡನೇ ತಾರೀಕು, ಬೆಳಿಗ್ಗೆ

ನನ್ನ ಪುಟ್ಟಿಗೆ,

ಹೇಗಿದ್ದೀಯಮ್ಮ? ಕೆಮ್ಮು ನಿಂತಿತೇ? ಬಿಸಿನೀರು ಕುಡಿ, ಕಿವಿ ಮುಚ್ಚಿಕೋ ಎಂದು ಹೋದ ಕಾಗದದಲ್ಲೂ ಬರೆದಿದ್ದೆ, ಇದರಲ್ಲೂ ಬರೆಯುತ್ತಿದ್ದೇನೆ, ಮುಂದಿನದರಲ್ಲೂ ಬರೆಯುತ್ತೇನೆ. ಅಪ್ಪಂದಿರಿಗೆ ಬೇರೆ ಕೆಲಸವೇನು. ನಾನು ಚೆನ್ನಾಗಿದ್ದೇನೆ. ಮಂಡಿ ತನ್ನ ಪಾಡಿಗೆ ನೋಯುತ್ತದೆ, ನಾನು ನನ್ನ ಪಾಡಿಗೆ ನಡೆಯುತ್ತೇನೆ. ಬಚ್ಚಲಿನ ನಲ್ಲಿ ರಿಪೇರಿಯಾಯಿತು, ಅದನ್ನು ನೋಡಿ ಹೊಟ್ಟೆಕಿಚ್ಚಿಗೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕಲು ಶುರುಮಾಡಿದೆ. ಅದೆಲ್ಲ ಇರಲಿ. ಅಕ್ಷರ ಸೊಟ್ಟಗಿದ್ದರೆ ಗಾಬರಿಯಾಗಬೇಡ, ಅವಸರದಲ್ಲಿ ಬರೆಯುತ್ತಿದ್ದೇನೆ. ಮೊದಲು ಒಂದೇ ಒಂದು ಮಾತು ಹೇಳಿಬಿಡುತ್ತೇನೆ, ಮಿಕ್ಕಿದ್ದು ನಿಧಾನವಾಗಿ. ನನ್ನ ಹಿಂದಿನ ಕಾಗದವನ್ನು ನಂಬಿ ಪೆಟ್ಟಿಗೆ ಕಟ್ಟಿ ಕೂತಿದ್ದರೆ, ಇದನ್ನು ಪೂರ್ತಿ ಓದುವವರೆಗೆ ವಾರದ ಸಾಮಾನಿನ ಲಾರಿ ಹತ್ತಬೇಡ. ಡ್ರೈವರ್ ಕಾಯುತ್ತಾನೆ. ಸಾಮಾನು ಇಳಿಸುವುದಕ್ಕಿಂತ ಮಾತು ಮುಗಿಸುವುದಕ್ಕೇ ಅವನಿಗೆ ಹೆಚ್ಚು ಹೊತ್ತು ಬೇಕು. ಅವನಿಗೆ ಮೌನಿ ಎಂದು ನಾವು ಸುಮ್ಮನೆ ಹೆಸರಿಟ್ಟಿಲ್ಲ.

ನೀನು ಬರೆದಿದ್ದೆಯಲ್ಲ, ಹವಾಮಾನ ಕೇಂದ್ರದವರು ಇನ್ನೊಂದು ವರ್ಷ ಬೆಟ್ಟದ ಮೇಲೇ ಇರುತ್ತೀಯಾ ಎಂದು ಕೇಳಿದ್ದಾರೆ, ಇರಲೋ ಇಳಿಯಲೋ ತಿಳಿಯುತ್ತಿಲ್ಲ, ಅಮ್ಮ ಇದ್ದಿದ್ದರೆ ಒಂದು ಎಲೆ ತೆಗೆದು ಹೇಳುತ್ತಿದ್ದಳು, ಈಗ ನೀನೇ ತೆಗೆ ಅಪ್ಪ, ಏನು ಬಂದರೂ ಹಾಗೇ ಮಾಡುತ್ತೇನೆ ಎಂದು. ನಾನು ಅಂದೇ, ಅಮ್ಮ ಭವಿಷ್ಯ ಹೇಳುತ್ತಿದ್ದ ಚಿತ್ರದ ಟ್ಯಾರೋ ಎಲೆಗಳ ಕಟ್ಟನ್ನು ಇಸ್ಪೀಟಿನ ಹಾಗೆ ಕಲಸಿ ಒಂದನ್ನು ತೆಗೆದೆ. ನಮ್ಮ ಕುಣಿಯುವವನ ಎಲೆ ಬಂತು. ಎದ್ದು ಹೊರಡು ಎಂದು ಅದರ ಅರ್ಥ, ಇಳಿದು ಬಾ, ಮನೆ ಕಾಯುತ್ತಿದೆ ಎಂದು ಬರೆದು ಆ ವಾರದ ಲಾರಿಗೆ ಹಾಕಿದೆ. ಬರೆದದ್ದಷ್ಟೇ ಅಲ್ಲ, ಇಳಿಯುವಾಗ ನಿನಗೆಂದು ಮೌನಿಯ ಪಕ್ಕದ ಸೀಟನ್ನೂ ಹೇಳಿಟ್ಟೆ. ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದೆ. ಕೆಳಗಿನ ಮನೆಯ ಟೈಲರಮ್ಮ ಕಿಟಕಿಯಿಂದ ತಲೆ ಹೊರಹಾಕಿ, "ಪ್ರೆಸ್ಸಿನಣ್ಣ, ಧೂಳು ಹೊಡೀತಿದ್ದೀರೋ ಯಾರಿಗಾದ್ರೂ ಹೊಡೀತಿದ್ದೀರೋ, ನನ್ನ ಬಟ್ಟೆ ಮೇಲೆಲ್ಲಾ ಬೀಳ್ತಿದೆ" ಎಂದು ಕೂಗಿದಳು. ಅಷ್ಟು ಖುಷಿಯಲ್ಲಿದ್ದೆ.

ಅಮ್ಮನ ಎಲೆಗಳ ವಿಚಾರ ನಿನಗೆ ಅರ್ಧ ಗೊತ್ತು. ಇನ್ನರ್ಧ ನನಗೂ ನಿನ್ನೆಯೇ ಗೊತ್ತಾದದ್ದು. ಅವಳು ಯಾರಿಗೂ ರಾಶಿ ಎಲೆ ಹರಡುತ್ತಿರಲಿಲ್ಲ. ಒಂದು ಪ್ರಶ್ನೆಗೆ ಒಂದು ಎಲೆ, ಮುಗಿಯಿತು. ತೆಗೆದ ಎಲೆಯನ್ನು, ಕೇಳಿದವರು ಏನು ಮಾಡಿದೆವೆಂದು ಬಂದು ಹೇಳುವವರೆಗೆ ಮೇಜಿನಿಂದ ಎತ್ತುವಂತಿಲ್ಲ, ತಿರುಗಿಸುವಂತಿಲ್ಲ; ಒಮ್ಮೊಮ್ಮೆ ಮೇಜಿನ ತುಂಬಾ ಬೇರೆಯವರ ಪ್ರಶ್ನೆಗಳು ಕೂತಿದ್ದು, ನಾವು ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡಿದ್ದುಂಟು. ಬೆತ್ತದ ಕುರ್ಚಿ ಅವಳದು, ಗೋಡೆಯ ಕಡೆ. ಎದುರಿಗೆ ಉದ್ದ ಬೆಂಚು, ಬಂದವರಿಗೆ. ಅದರ ಕಿಟಕಿ ತುದಿಯಲ್ಲಿ ಅಚ್ಚಿನ ಪ್ರೆಸ್ಸಿನಿಂದ ತಿದ್ದಲು ತಂದ ಪ್ರೂಫ್ ಹಿಡಿದುಕೊಂಡು ನಾನು. ಎಲೆಗಳ ಅಂಚು ಸವೆದು ಜೂಲಾದಾಗ ನಾನೇ ಕಟ್ಟನ್ನು ಪ್ರೆಸ್ಸಿಗೆ ಒಯ್ದು, ಕಟಿಂಗ್ ಮಷೀನಿಗೆ ಕೊಟ್ಟು, ನೀಟಾಗಿ ಸವರಿ ತಂದೆ. ಚಿತ್ರಗಳ ಕೆಳಗೆ ಅಚ್ಚಾಗಿದ್ದ ಹೆಸರುಗಳೂ ಸವರಿಹೋಗಿದ್ದವು. ಅಮ್ಮ ಒಂದೊಂದನ್ನೇ ತಿರುವಿ ನೋಡಿ, "ಹೋಗಲಿ ಬಿಡಿ, ಹೆಸರಿಲ್ಲದಿದ್ರೂ ಮುಖ ಗುರುತಿದೆ" ಎಂದಿದ್ದಳು. ನನಗೆ ಮುಖ ಗುರುತಿರಲಿಲ್ಲ. ಎಲ್ಲ ಎಡವಟ್ಟೂ ಅಲ್ಲಿಂದಲೇ.

ಬೆಂಚಿನಿಂದ ನನಗೆ ಆ ಕುಣಿಯುವವನು ಹೀಗೆ ಕಾಣುತ್ತಿದ್ದ. ಒಂಟಿಕಾಲಿನಲ್ಲಿ ನಿಂತಿದ್ದಾನೆ, ಇನ್ನೊಂದು ಕಾಲನ್ನು ಮಡಿಸಿ ಹಿಂದಕ್ಕೆ ಅಡ್ಡ ಇಟ್ಟಿದ್ದಾನೆ, ಕೈ ಬೆನ್ನ ಹಿಂದೆ. ಕುಣಿತದ ರಭಸಕ್ಕೆ ಕೂದಲು ಮೇಲೆ ಹಾರಿದೆ. ಕಾಲಿಗೆ ಗೆಜ್ಜೆ. ತಲೆಯ ಸುತ್ತ ದೀಪದ ಹಾಗೆ ಬೆಳಕು. ಅಮ್ಮನಿಗೆ ಅವನನ್ನು ಕುಣಿಯುವವನು ಎಂದು ಮೊದಲು ಹೇಳಿದವನು ನಾನು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅವನು ಬಂದಾಗಲೆಲ್ಲ ನನ್ನ ಕಡೆ ನೋಡಿ "ನಿಮ್ಮವನು ಬಂದ" ಎನ್ನುತ್ತಿದ್ದಳು. ಆಮೇಲೆ ಬೆಂಚಿನ ಮೇಲಿದ್ದವರಿಗೆ, "ಏಳಿ, ಎದ್ದು ಬನ್ನಿ" ಎನ್ನುತ್ತಿದ್ದಳು. ಅವರು ಎದ್ದು ಅವಳ ಪಕ್ಕಕ್ಕೆ ಹೋಗುತ್ತಿದ್ದರು, ಅವಳು ಅವರ ಕಿವಿಯ ಹತ್ತಿರ ಏನೋ ಹೇಳುತ್ತಿದ್ದಳು, ನಾನು ಕಾಗುಣಿತ ತಿದ್ದುತ್ತಿದ್ದೆ. ಈಗ ನೀನೇ ಹೇಳು, ಕುಣಿಯುವವನು ಬಂದರೆ ಏಳಿ ಎನ್ನುತ್ತಾಳೆ, ಜನ ಏಳುತ್ತಾರೆ. ಎದ್ದು ಹೊರಡು ಎಂದಲ್ಲದೆ ನಾನು ಬೇರೇನು ಅರ್ಥ ಮಾಡಿಕೊಳ್ಳಲಿ?

ನಿನ್ನೆ ಮಧ್ಯಾಹ್ನ ಟೈಲರಮ್ಮ ಬಂದಳು. ಈಗೀಗ ನಾನೇ ಒಂದೊಂದು ಎಲೆ ತೆಗೆದುಕೊಡುತ್ತೇನೆಂದು ಅವಳಿಗೆ ಗೊತ್ತು. ಕಾಲಿನಿಂದ ತುಳಿಯುವ ಹಳೆಯ ಮಷೀನನ್ನು ಬಿಟ್ಟು ಮೋಟಾರಿನದು ತರಲೋ ಬೇಡವೋ ಎಂದು ಕೇಳಬೇಕಿತ್ತು. ಆ ತುಳಿತದಿಂದಲೇ ಕಾಲು ಊದಿತ್ತು, ಮಡಿಸಲಾಗದೆ ಬೆಂಚಿನ ಉದ್ದಕ್ಕೂ ನೀಡಿಕೊಂಡು ಕೂತುಬಿಟ್ಟಳು. ನನ್ನ ಕಿಟಕಿ ತುದಿಯಲ್ಲಿ ಅವಳ ಪಾದ. ನಾನು ನಿಂತೇ ಇದ್ದೆ. "ಕೂತ್ಕೊಳ್ರೀ" ಎಂದಳು. ಪರವಾಗಿಲ್ಲ ಎಂದೆ. "ಏನು ಪರವಾಗಿಲ್ಲ? ನಿಂತ್ಕೊಂಡು ಹೇಳೋಕೆ ನೀವೇನು ಬಸ್ ಕಂಡಕ್ಟರಾ? ಆ ಕುರ್ಚಿ ಏನು ನೋಡೋಕೆ ಇಟ್ಟಿದ್ದೀರಾ?" ಎಂದಳು. ಪುಟ್ಟಿ, ಅಮ್ಮ ಹೋದಮೇಲೆ ಆ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ನಾನಂತೂ ಅವಳಿದ್ದಾಗಲೂ ಕೂತವನಲ್ಲ. ಟೈಲರಮ್ಮನ ಬಾಯಿಗೆ ಹೆದರಿ ಕೂತೆ.

ಕೂತು ಕನ್ನಡಕ ಸರಿಮಾಡಿಕೊಂಡು ಮೇಜು ನೋಡಿದರೆ, ನಿನಗೆಂದು ನಾನು ಬೆಂಚಿನಲ್ಲಿ ಕೂತು ತೆಗೆದ ಎಲೆ, ಇಟ್ಟಲ್ಲೇ, ಇಟ್ಟ ಹಾಗೆಯೇ. ಅದರಲ್ಲಿ ಕುಣಿಯುವವನಿಲ್ಲ. ಮರದ ಅಡ್ಡತೊಲೆಯಿಂದ ಒಬ್ಬ ತಲೆಕೆಳಗಾಗಿ ತೂಗುತ್ತಿದ್ದಾನೆ. ಗೆಜ್ಜೆಯಲ್ಲ, ಹಗ್ಗ. ಕೂದಲು ಹಾರಿಲ್ಲ, ಜೋತುಬಿದ್ದಿದೆ. ಎದ್ದು ಬೆಂಚಿನ ಕಡೆ ಬಂದು ನೋಡಿದೆ, ಕುಣಿಯುತ್ತಿದ್ದಾನೆ. ಕುರ್ಚಿಗೆ ಹೋದೆ, ತೂಗುತ್ತಿದ್ದಾನೆ. ಹೀಗೆ ನಾಲ್ಕಾರು ಸಲ ಓಡಾಡಿದ್ದಕ್ಕೆ ಟೈಲರಮ್ಮ, "ಯಾಕಣ್ಣ, ಕುರ್ಚೀಲಿ ಸೂಜಿ ಇತ್ತಾ?" ಎಂದಳು. ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು ಬರೆಸಿದ್ದ ವಾಕ್ಯವೊಂದು ಇಷ್ಟು ವರ್ಷದ ಮೇಲೆ ತಾನಾಗಿಯೇ ಬಾಯಿಗೆ ಬಂತು. ದಿ ಇಮೇಜ್ ಈಸ್ ರಿಯಲ್ ಅಂಡ್ ಇನ್ವರ್ಟೆಡ್. ಬಿಂಬ ನಿಜವಾದದ್ದು, ಆದರೆ ತಲೆಕೆಳಗಾದದ್ದು. ಅದರ ಮುಂದಿನ ವಾಕ್ಯ ಏನೋ ಇತ್ತು, ಡಿಮಿನಿಷ್ಡೋ ಏನೋ, ಚಿಕ್ಕದಾದದ್ದು ಎಂದು, ಅದು ಹೋಗಲಿ. ಜೀವಮಾನವಿಡೀ ಪ್ರೆಸ್ಸಿನಲ್ಲಿ ಕಂಪೋಸಿಂಗ್ ಸ್ಟಿಕ್ಕು ಹಿಡಿದು ಸೀಸದ ಅಕ್ಷರದ ಮೊಳೆ ಜೋಡಿಸಿದ ಕೈ ನನ್ನದು. ಅಚ್ಚಿನ ಮೊಳೆಯನ್ನು ನಾವು ತಲೆಕೆಳಗಾಗಿಯೇ ಓದುವುದು, ಅದೇ ನಮಗೆ ನೆಟ್ಟಗೆ. ಬೇರೆ ಯಾರಾದರೂ ಬೆಂಚಿನಲ್ಲಿ ಕೂತಿದ್ದರೆ ಎಲೆಗಳೆಲ್ಲ ತಿರುಗಿವೆ ಎಂದು ಮೊದಲ ದಿನವೇ ಗೊತ್ತಾಗುತ್ತಿತ್ತು. ಕಂಪೋಸಿಟರ್ ಕಣ್ಣಿಗೆ ಹೇಗೆ ಗೊತ್ತಾಗಬೇಕು?

ಟೈಲರಮ್ಮನಿಗೆ ಎಲ್ಲ ಹೇಳಿದೆ. ಅವಳು ನಕ್ಕು ನಕ್ಕು ಊದಿದ ಕಾಲನ್ನೇ ಹಿಡಿದುಕೊಂಡಳು. ಅವಳ ಮದುವೆಗೆ ಮುಂಚೆ ಅಮ್ಮ ತೆಗೆದದ್ದೂ ಇವನನ್ನೇ ಅಂತೆ. ಅವಳನ್ನು ಎಬ್ಬಿಸಿ, ಈ ಕುರ್ಚಿಯ ಪಕ್ಕಕ್ಕೆ ಕರೆದು, ಹ್ಯಾಂಗ್ಡ್ ಮ್ಯಾನ್ ಅಂತ ಇವನ ಹೆಸರು ಎಂದಳಂತೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು, ಪಿಕ್ಚರ್ ಈಸ್ ಹಂಗ್, ಮ್ಯಾನ್ ಈಸ್ ಹ್ಯಾಂಗ್ಡ್ ಎಂದು, ಗೋಡೆಗೆ ತೂಗುಹಾಕಿದ ಪಟಕ್ಕೆ ಒಂದು ಪದ, ನೇಣಿಗೆ ಹಾಕಿದ ಮನುಷ್ಯನಿಗೆ ಇನ್ನೊಂದು. ಆ ಲೆಕ್ಕದಲ್ಲಿ ಹೆಸರು ಭಯಂಕರವೇ. ಟೈಲರಮ್ಮನೂ ಹೆದರಿದ್ದಳಂತೆ. ಆಗ ಅಮ್ಮ ಹೇಳಿದ ಮಾತನ್ನು ಅವಳು ಅಮ್ಮನ ದನಿಯಲ್ಲೇ ಹೇಳಿದಳು, ನಾನು ಕುರ್ಚಿಯ ಕೈ ಹಿಡಿದುಕೊಂಡು ಕೇಳಿದೆ. "ಹೆದರಬೇಡ, ಮುಖ ನೋಡು, ಎಷ್ಟು ನಿರಾಳವಾಗಿದೆ. ಇವನನ್ನ ಯಾರೂ ಕಟ್ಟಿಹಾಕಿಲ್ಲ, ತಾನೇ ತೂಗ್ತಿದ್ದಾನೆ. ನೆಟ್ಟಗೆ ನಿಂತೋರಿಗೆ ಕಾಣದ್ದೇನೋ ಇವನಿಗೆ ಕಾಣ್ತಿದೆ, ಅದಕ್ಕೇ ತಲೆ ಸುತ್ತ ಬೆಳಕು. ನೋಡಿ ಮುಗಿಯೋವರೆಗೂ ಇವನನ್ನ ಇಳಿಸಬಾರದು." ಟೈಲರಮ್ಮ ಆ ಮದುವೆಯನ್ನು ಮುಂದಕ್ಕೆ ಹಾಕಿದಳು, ಹೊಲಿಗೆ ಕಲಿತಳು, ಗಂಡು ಕಾದ. ಈಗ ಅವನೇ ಅವಳ ಅಂಗಡಿಯಲ್ಲಿ ಗುಂಡಿ ಹೊಲಿಯುವುದು. ಈ ಮಾತಿನ ನಡುವೆ ಅವಳ ಮಷೀನಿನ ಪ್ರಶ್ನೆ ಇಬ್ಬರಿಗೂ ಮರೆತೇಹೋಯಿತು.

ಈಗ ನಿನ್ನ ಎಲೆ. ಓದುವ ಕುರ್ಚಿ ಅಮ್ಮನದು, ಆ ಕುರ್ಚಿಯಿಂದ ಅವನು ತೂಗುತ್ತಿದ್ದಾನೆ, ದೇರ್‌ಫೋರ್ ಇಳಿಯಬೇಡ. ಇದನ್ನು ಹೇಳಲು ಎಲೆಯೂ ಬೇಕಿರಲಿಲ್ಲ ಎನ್ನಿಸುತ್ತದೆ. ರಾತ್ರಿ ನಿನ್ನ ಕಾಗದವನ್ನು ಮತ್ತೆ ತೆಗೆದು, ಪ್ರೂಫ್ ಓದುವವನ ಹಾಗೆ ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟು ಓದಿದೆ. ಮೋಡದ ವಿಷಯವೇ ಮೂರು ಪುಟ. ಗಾಳಿ ತಿರುಗುವ ಹೊತ್ತಿಗೆ ಕಣಿವೆಯಿಂದ ಮಂಜು ಏಳುವ ರೀತಿ, ಒಂದು ವರ್ಷದ ಅಳತೆ ಬರೀ ಸುದ್ದಿ, ಎರಡನೆಯ ವರ್ಷವೂ ಹಾಗೇ ಆದರೆ ಮಾತ್ರ ಅದು ಮಾತು ಎಂದು ನೀನು ಬರೆದದ್ದು. ಮನೆಗೆ ಬರುವ ವಿಷಯ ಕೊನೆಯಲ್ಲಿ ಒಂದೇ ಸಾಲು, ಅದೂ ಅಪ್ಪನೊಬ್ಬನೇ ಇದ್ದಾನೆ ಎಂಬ ಕರುಣೆಗೆ. ನೀನು ನೋಡಿ ಮುಗಿಸಿಲ್ಲ ಪುಟ್ಟಿ. ನಿನ್ನ ಹಾಸಿಗೆ ಬಡಿದವನಿಗೆ ಇದನ್ನು ಬರೆಯುವುದು ಸುಲಭವಲ್ಲ, ಬರೆದ ಮೇಲೆ ಮಾತ್ರ ಎದೆ ಹಗುರಾಗಿದೆ. ಇರುತ್ತೇನೆ ಎಂದು ನಿಮ್ಮ ಮುಖ್ಯಸ್ಥರಿಗೆ ಹೇಳಿಬಿಡು. ನಿಮ್ಮ ವೈರ್‌ಲೆಸ್ಸಿನಲ್ಲಿ ಗಾಳಿ ಮಳೆಯ ಲೆಕ್ಕ ಬಿಟ್ಟು ಮನೆ ಮಾತು ಆಡುವಂತಿಲ್ಲವಲ್ಲ, ಇಲ್ಲದಿದ್ದರೆ ನಿನ್ನೆಯೇ ಕೂಗಿ ಹೇಳುತ್ತಿದ್ದೆ.

ಒಂದು ಮಾತು ಮಾತ್ರ ತಲೆಯಲ್ಲಿ ಸುತ್ತುತ್ತಿದೆ. ಅಮ್ಮ ನನ್ನನ್ನು ಯಾಕೆ ತಿದ್ದಲಿಲ್ಲ? ಒಂದು ಸಲ ನಾನು, ನನ್ನ ಕುಣಿಯುವವನ ಅರ್ಥ ನನಗೂ ಹೇಳೇ ಎಂದು ಕೇಳಿದ್ದುಂಟು. ಅವಳು ಎಲೆ ಎತ್ತದೆ, "ಈ ಕಡೆ ಬಂದು ನೋಡ್ರೀ, ಹೇಳ್ತೀನಿ" ಎಂದಿದ್ದಳು. ಪ್ರೂಫ್ ಬೆಳಿಗ್ಗೆಗೆ ಕೊಡಬೇಕಿತ್ತು, ಆಮೇಲೆ ಬರ್ತೀನಿ ಎಂದಿದ್ದೆ. ನಿನ್ನೆ ಬಂದಂತಾಯಿತು.

ಟೈಲರಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ನೀನು ಎಷ್ಟು ಎತ್ತರದಲ್ಲಿದ್ದರೂ ಬೆಚ್ಚಗಿರು, ಕಣ್ಣು ತುಂಬಾ ನೋಡು, ನಿನಗೆ ಒಳ್ಳೆಯದೇ ಆಗಲಿ.

ನಿನ್ನ
ಅಪ್ಪ

ಮರೆತದ್ದು: ಗುರುವಾರ ಬೆಳಿಗ್ಗೆ. ಅಂಟಿಸಿದ್ದನ್ನು ಕಿತ್ತು ಬರೆಯುತ್ತಿದ್ದೇನೆ, ಹೊರಗೆ ಮೌನಿ ಹಾರ್ನ್ ಒತ್ತುತ್ತಿದ್ದಾನೆ. ನೀನು ಇಳಿಯುವುದಿಲ್ಲ, ಸೀಟು ಬೇಡ ಎಂದದ್ದಕ್ಕೆ ಅವನು, "ಇಳಿಯೋರಿಲ್ದಿದ್ರೆ ಹತ್ತೋರಿರ್ಬೇಕಲ್ಲ, ನೀವೇ ಬನ್ನಿ, ದಾರಿ ಉದ್ದಕ್ಕೂ ನಾನು ಯಾರ ಹತ್ರ ಮಾತಾಡ್ಲಿ?" ಎಂದ. ಅಮ್ಮ ಈ ಕಡೆ ಬಂದು ನೋಡ್ರೀ ಎಂದದ್ದು ನೆನಪಾಯಿತು, ಹೊರಟೇಬಿಟ್ಟೆ. ಬೀಗದ ಕೈ ಟೈಲರಮ್ಮನಿಗೆ ಕೊಟ್ಟಿದ್ದೇನೆ, ಎಲೆ ಮೇಜಿನ ಮೇಲೇ ಇದೆ, ಮುಟ್ಟಬೇಡ ಎಂದಿದ್ದೇನೆ. ಬಿಸಿಲಿಗೆ ಹಾಕಿದ ಹಾಸಿಗೆಯೂ ಲಾರಿ ಹತ್ತಿತು. ಮುಂದಿನ ವಾರದ ಲಾರಿಯಲ್ಲಿ ವಾಪಸ್ಸು, ಅಲ್ಲಿಯವರೆಗೆ ಅಡುಗೆಯವರಿಗೆ ಒಬ್ಬರು ಹೆಚ್ಚು ಎಂದು ಹೇಳು. ಕಾಗದವನ್ನು ಮೌನಿಯ ಕೈಯಲ್ಲೇ ಮೊದಲು ಒಳಗೆ ಕಳಿಸುತ್ತೇನೆ. ನನ್ನ ಮುಖ ಮೊದಲು ಕಂಡರೆ ನೀನು ಏನೂ ಓದದೆ ಪೆಟ್ಟಿಗೆ ಎತ್ತಿಬಿಡುತ್ತೀ. ನೀನು ಓದಿ ಮುಗಿಸುವವರೆಗೆ ನಾನು ಲಾರಿಯೊಳಗೇ ಕೂತಿರುತ್ತೇನೆ. ಮುಗಿಯಿತೇ? ಇಲ್ಲಿ ಚಳಿಯಾಗುತ್ತಿದೆ, ಬಂದು ಲಾರಿಯ ಬಾಗಿಲು ತೆಗೆಯಮ್ಮ.